ಗಂಡಸಿನ ಕೈಗೆ ಮಾತ್ರ ಚಾಲೂ ಆಗುವ ಗಾಡಿ

ಇದೆಲ್ಲ ಹೀಗೇ ನಡೆಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಅಕ್ಕನ ಕಾರಿನ ರೋಗ ಏನೆಂದು ಮೊದಲು ಕಂಡುಹಿಡಿದವರು ಯಾರು ಎನ್ನುವುದನ್ನು ಇದುವರೆಗೆ ಮೂರು ರೀತಿಯಲ್ಲಿ ಹೇಳಿದ್ದೇನೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳುವಾಗ ಅದು ನಾನು. ಅಕ್ಕನ ಎದುರಿಗೆ ಹೇಳುವಾಗ ನಾವಿಬ್ಬರೂ. ಒಮ್ಮೆ ಶಿಗ್ಗಾಂವಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಪರಿಚಿತನಿಗೆ ಹೇಳುವಾಗ, ಕತೆಗೆ ಸ್ವಲ್ಪ ರುಚಿ ಬರಲೆಂದು, ಒಬ್ಬ ಮುದುಕಿಯನ್ನು ಸೃಷ್ಟಿಸಿ ಅವಳ ಬಾಯಲ್ಲಿ ಆ ಮಾತು ಹೇಳಿಸಿದ್ದೆ. ಈಗ ಕಣ್ಣು ಮುಚ್ಚಿದರೆ ಆ ಮುದುಕಿಯೂ ಕಾಣುತ್ತಾಳೆ, ಹಸಿರು ಸೀರೆಯ ಸಮೇತ. ಅವಳು ಇರಲೇ ಇಲ್ಲ ಎಂದು ನನಗೆ ಗೊತ್ತು. ಆದರೂ ಕಾಣುತ್ತಾಳೆ. ನೆನಪನ್ನು ಸಾಕ್ಷಿಯೆಂದು ಒಪ್ಪುವವರ ಬಗ್ಗೆ ನನಗೆ ಅಂದಿನಿಂದ ಕನಿಕರವೂ ಉಳಿದಿಲ್ಲ.

ಕಾರು ಹದಿನೆಂಟು ವರ್ಷ ಹಳೆಯದು. ಪೆಟ್ರೋಲಿನ ಸಣ್ಣ ಬಿಳಿ ಗಾಡಿ, ಎಡಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಅಕ್ಕ ಆಡೂರಿನ ಆಚೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಾಳೆ, ಇರುವುದು ಹಾನಗಲ್ಲಿನಲ್ಲಿ. ಹನ್ನೊಂದು ವರ್ಷ ಎರಡು ಬಸ್ಸು ಬದಲಿಸಿ ಹೋಗಿ ಬಂದವಳು ನಲವತ್ನಾಲ್ಕನೆಯ ವಯಸ್ಸಿನಲ್ಲಿ ಗಾಡಿ ಕಲಿತಳು. ಅವಳ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಹಾನಗಲ್ಲಿನಲ್ಲಿ ಬೀಜ, ಗೊಬ್ಬರದ ಅಂಗಡಿ ಅವರದು. ಅವರು ಬೈಕಿನ ಮನುಷ್ಯ, ಭಾನುವಾರ ಮಾತ್ರ ಕಾರು ಒಯ್ಯುತ್ತಿದ್ದರು. ಉಳಿದ ಆರು ದಿನ ಅದು ಅಕ್ಕನದು.

ರೋಗ ಇಷ್ಟು. ಚಾವಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹತ್ತುತ್ತವೆ, ಹಾರ್ನ್ ಕೂಗುತ್ತದೆ, ಆದರೆ ಎಂಜಿನ್ ತಿರುಗಿಸುವ ಮೋಟರು, ಇಲ್ಲಿಯವರು ಸೆಲ್ಫ್ ಎನ್ನುವುದು, ಸತ್ತಂತೆ ಸುಮ್ಮನಿರುತ್ತದೆ. ಟಿಕ್ ಎನ್ನುವ ಸದ್ದೂ ಇಲ್ಲ. ನಾಲ್ಕು ಜನ ಕರೆದು ನೂಕಿಸಿದರೆ ಎಂಜಿನ್ ತಕ್ಷಣ ಚಾಲೂ. ಇನ್ನೊಂದು ಹೊತ್ತಿನಲ್ಲಿ ಯಾರೂ ಏನೂ ಮಾಡದೆ, ಏನೂ ಆಗಿಲ್ಲವೆಂಬಂತೆ ಚಾವಿಗೇ ಚಾಲೂ. ವಾರಕ್ಕೆ ಎರಡು ಸಲ ಕೈಕೊಡುತ್ತಿತ್ತು, ಕೆಲವು ವಾರ ನಾಲ್ಕು ಸಲ.

ಇದಕ್ಕಿಂತ ಸ್ಪಷ್ಟವಾಗಿ ಒಂದು ಯಂತ್ರ ತನ್ನ ಕಾಯಿಲೆಯನ್ನು ಹೇಳಿಕೊಳ್ಳಲಾರದು. ನೂಕಿದರೆ ಚಾಲೂ ಆಗುತ್ತದೆಂದರೆ ಪೆಟ್ರೋಲು ಸರಿ, ಪ್ಲಗ್ಗು ಸರಿ, ಎಂಜಿನ್ ಸರಿ. ಕೆಟ್ಟಿರುವುದು ಚಾವಿಯಿಂದ ಸೆಲ್ಫಿನವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ. ಇಷ್ಟು ಯೋಚಿಸಲು ಎಂ.ಎಸ್ಸಿ. ಬೇಕಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಯೋಚಿಸುವುದಕ್ಕಿಂತ ನೂಕುವುದು ಸುಲಭ. ಗಾಡಿ ನಿಂತರೆ ಸಾಕು, ಚಹದ ಅಂಗಡಿಯಿಂದ ಎಲೆ ಅಡಿಕೆ ಉಗುಳಿ ಆರು ಜನ ಎದ್ದು ಬರುತ್ತಾರೆ. ನೂಕಿ, ಅಂಗೈ ಒರೆಸಿಕೊಂಡು, ಒಬ್ಬೊಬ್ಬರು ಒಂದೊಂದು ಕಾರಣ ಹೇಳಿ ಹೋಗುತ್ತಾರೆ. ಕಾರಣ ಹೇಳದೆ ಹೋದ ಒಬ್ಬನನ್ನೂ ನಾನು ಕಾಣಲಿಲ್ಲ.

ಹಾನಗಲ್ಲಿನ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ, "ಬ್ಯಾಟ್ರಿ ಹೋಗೇತ್ರಿ ಮೇಡಂ" ಎಂದ. ಹೊಸ ಬ್ಯಾಟರಿ ಹಾಕಿದ ಎಂಟನೆಯ ದಿನ ಗಾಡಿ ಮತ್ತೆ ಶಾಲೆಯ ಗೇಟಿನಲ್ಲಿ ನಿಂತಿತು. ಶಿಗ್ಗಾಂವಿಯಲ್ಲಿ ಸೆಲ್ಫ್ ರಿಪೇರಿಗೆಂದೇ ಹೆಸರಾದ ಒಬ್ಬನಿದ್ದ. ಅವನು ಅದನ್ನು ಬಿಚ್ಚಿ, ಒಳಗಿನ ಕಾರ್ಬನ್ ತುಂಡುಗಳನ್ನು ಬದಲಿಸಿ, ಬಾಣಂತಿ ಕೋಣೆಯಿಂದ ಕೂಸು ತಂದು ತೋರಿಸುವಂತೆ ಎರಡೂ ಕೈಯಲ್ಲಿ ಎತ್ತಿ ತೋರಿಸಿದ. ಆಮೇಲೆ ಅಂಗಳದಲ್ಲಿ ಗಾಡಿ ಚಾಲೂ ಮಾಡಿ, ಬಂದ್ ಮಾಡಿ, ಚಾಲೂ ಮಾಡಿ, "ಎಷ್ಟ್ ಸಲ ಹೊಡೀಲಿ ಹೇಳ್ರಿ ಸರ? ನೂರು ಸಲ ಹೊಡೀಲೇನು?" ಎಂದ.

ಹತ್ತು ಸಲ ಹೊಡೆದ. ಹತ್ತೂ ಸಲ ಚಾಲೂ ಆಯಿತು. ಆಮೇಲೆ ಅವನ ಕಣ್ಣು ಅಕ್ಕನ ಕಡೆ ಹೊರಳಿತು.

"ಮೇಡಂ, ನ್ಯೂಟ್ರಲ್ ಮಾಡಿ ಚಾಲೂ ಮಾಡ್ತೀರಲ್ರಿ?"

"ಮತ್ತ ಹೆಂಗ ಮಾಡ್ತಾರ?" ಎಂದಳು ಅಕ್ಕ.

"ಹಂಗಲ್ರಿ, ಹೆಣ್ಮಕ್ಕಳು ಗಡಿಬಿಡಿಯೊಳಗ..." ಎಂದು ಅವನು ನನ್ನತ್ತ ನೋಡಿ ನಕ್ಕ. ಗಂಡಸರಿಬ್ಬರಿಗೆ ಅರ್ಥವಾಗುವ ನಗು. ನಾನು ನಗಲಿಲ್ಲ ಎಂದು ನೆನಪು. ಆದರೆ ಈ ನೆನಪು ನನಗೆ ಅನುಕೂಲಕರವಾಗಿದೆ, ಆದ್ದರಿಂದಲೇ ಅದನ್ನು ನಂಬಲು ಅಂಜಿಕೆ.

ಎಲ್ಲ ಕಡೆಯೂ ಇದೇ ಹಾಡಾಯಿತು. ಮೆಕ್ಯಾನಿಕ್ ಕೈಯಲ್ಲಿ ಗಾಡಿ ಗರತಿಯಂತಿರುತ್ತಿತ್ತು, ಅಕ್ಕನ ಕೈಗೆ ಬಂದರೆ ಮುನಿಸು. ಮಾಮಾ ಭಾನುವಾರ ಒಯ್ದಾಗ ಒಂದು ದಿನವೂ ನಿಂತಿರಲಿಲ್ಲ. ಅದು ಸುಳ್ಳಲ್ಲ, ಖರೆಯೇ. ಆದ್ದರಿಂದಲೇ ಅವರ ಮಾತಿಗೆ ಎದುರು ಹೇಳುವುದು ಕಷ್ಟವಾಗಿತ್ತು. ಗಣೇಶ ಚೌತಿಯ ಹೊತ್ತಿಗೆ ಅವರು ಊಟದ ತಾಟಿನ ಮುಂದೆ ತೀರ್ಪು ಕೊಟ್ಟರು.

"ನನ್ನ ಕೈಯಾಗ ಒಂದ ಸಲಾನೂ ನಿಂತಿಲ್ಲ ಅದು. ಗಾಡಿಗೂ ಕೈಗುಣ ಅಂತ ಇರತೈತಿ. ದೀಪಾವಳಿ ಆಗ್ಲಿ, ಹತ್ತಿಮತ್ತೂರಿಗೆ ನನ್ನ ತಮ್ಮಗ ಕೊಟ್ಟಬಿಡ್ತೇನಿ. ನೀ ಮೊದಲಿನಂಗ ಬಸ್ಸಿಗೆ ಹೋಗು, ಆರಾಮ."

ಅಕ್ಕ ಇನ್ನೊಂದು ರೊಟ್ಟಿ ಬಡಿಸಿದಳು. ಅವರು ಅಂಗಡಿಗೆ ಹೋದ ಮೇಲೆ ನಾನು, "ಹನ್ನೊಂದು ವರ್ಷ ಬಸ್ಸಿಗೆ ಹೋಗೀದಿ, ಇನ್ನೊಂದಷ್ಟು ದಿನ ಹೋದ್ರ ಏನಾಕ್ಕೈತಿ?" ಎಂದೆ. ಸಮಾಧಾನ ಎಂದುಕೊಂಡು ಹೇಳಿದ ಮೂರ್ಖ ಮಾತು.

"ಬಸ್ಸಿಗೆ ಹೋಗೂದು ಕಷ್ಟ ಅಲ್ಲೋ ತಮ್ಮಾ," ಎಂದಳು. "ಎಲ್ಲಿಗೆ, ಯಾವಾಗ, ಯಾರ ಜೋಡಿ ಅಂತ ಕೇಳಿ ಕೇಳಿ ಹೋಗೂದು ಕಷ್ಟ. ಈ ಎರಡು ವರ್ಷದಾಗ ನಾ ಯಾರಿಗೂ ಕೇಳಿಲ್ಲ."

ಗಾಡಿ ಹೋದರೆ ಅವಳಿಂದ ಏನು ಹೋಗುತ್ತದೆ ಎಂದು ನನಗೆ ಗೊತ್ತಾದದ್ದು ಆಗ. ನಾನು ಇದನ್ನು ಪತ್ತೆ ಮಾಡುತ್ತೇನೆ ಎಂದೆ. ನಾನು ಆಗ ಶಿಗ್ಗಾಂವಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಎರಡು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನಾಗಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಒಂದು ಕಡೆ ಮೂರು ವರ್ಷಕ್ಕಿಂತ ಹೆಚ್ಚು ನಿಂತವನಲ್ಲ. ಕೆಲಸದಲ್ಲಾಗಲಿ ನಂಬಿಕೆಯಲ್ಲಾಗಲಿ ಬೇರು ಬಿಟ್ಟವರನ್ನು ಕಂಡರೆ ನಗು ಬರುತ್ತಿದ್ದ ಕಾಲ. ಮಾಮಾ ಮುಂದಿನ ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿಯನ್ನು ನೋಡಿ, "ಇದರ ವೋಲ್ಟೇಜ್ ಎಷ್ಟು ಮಾಮಾ?" ಎಂದು ಕೇಳಿದವನು ನಾನೇ.

ಲ್ಯಾಬಿನಿಂದ ಮಲ್ಟಿಮೀಟರ್ ತಂದೆ. ಅಕ್ಕನಿಗೆ ಒಂದು ನೋಟುಬುಕ್ಕು ಕೊಟ್ಟು ಗೀಟು ಹಾಕಿಸಿದೆ. ದಿನ, ಹೊತ್ತು, ಬಿಸಿಲೋ ಮಳೆಯೋ, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಪೆಟ್ರೋಲು ಎಷ್ಟಿತ್ತು, ಚಾಲೂ ಆಯಿತೋ ಇಲ್ಲವೋ. ಅಕ್ಕ ಹಿಂದಿ ಟೀಚರಿನ ಮುದ್ದಾದ ಅಕ್ಷರದಲ್ಲಿ ಮೂರು ವಾರ ತುಂಬಿದಳು. ನಾನು ಅದನ್ನು ಓದಿ ಒಂದು ಸತ್ಯ ಕಂಡುಕೊಂಡೆ. ಗಾಡಿ ಕೈಕೊಡುವುದು ಶಾಲೆಯ ದಿನಗಳಲ್ಲಿ, ಭಾನುವಾರ ಅಲ್ಲ. ಶಾಲೆಯ ದಿನ ಎಂದರೆ ಆಡೂರಿನ ಆಚೆಯ ರಸ್ತೆ, ಆ ರಸ್ತೆ ಎಂದರೆ ತಗ್ಗು, ತಗ್ಗು ಎಂದರೆ ಅಲುಗಾಟ, ಅಲುಗಾಟ ಎಂದರೆ ಎಲ್ಲೋ ಸಡಿಲವಾದ ಅರ್ಥಿಂಗ್ ತಂತಿ. ನೋಡಿ ಎಷ್ಟು ಚೆಂದದ ವಾದ. ಒಂದಿಡೀ ಶನಿವಾರ ಮಧ್ಯಾಹ್ನ ಗಾಡಿಯ ಕೆಳಗೆ ಬೆನ್ನು ಹಚ್ಚಿ ಮಲಗಿ, ಇದ್ದ ಬದ್ದ ತಂತಿಗಳನ್ನೆಲ್ಲ ಉಜ್ಜಿ ಬಿಗಿದೆ. ಸೋಮವಾರ ಬೆಳಿಗ್ಗೆ ಅಕ್ಕನ ಫೋನು, "ಹಾನಗಲ್ಲಾಗ ಅಂಗಳದಾಗ ನಿಂತೈತಿ ತಮ್ಮಾ. ಇನ್ನೂ ರಸ್ತೆಗೇ ಇಳಿದಿಲ್ಲ."

ಬ್ಯಾಟರಿಗೆ ಮೊದಲೇ ತೀರ್ಪು ಕೊಟ್ಟ ಮೆಕ್ಯಾನಿಕ್ಕನಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ. ಅವನು ತನ್ನ ಊಹೆಗೆ ಅರ್ಧ ನಿಮಿಷ ತೆಗೆದುಕೊಂಡ, ನಾನು ಮೂರು ವಾರ.

ದಸರೆಯ ರಜೆಯಲ್ಲಿ ನಾನೂ ಅಕ್ಕನೂ ಸವಣೂರಿಗೆ ಹೋದೆವು. ಅಲ್ಲಿ ವಯಸ್ಸಾದ ಒಬ್ಬ ಎಲೆಕ್ಟ್ರಿಷಿಯನ್ ಇದ್ದರು, ಎಲ್ಲರೂ ಚಾಚಾ ಎನ್ನುತ್ತಿದ್ದರು. ಅಂಗಡಿ ಎಂದರೆ ಒಂದು ಬೇವಿನ ಮರ, ಒಂದು ಮುರುಕು ಬೆಂಚು, ಒಂದು ಪೆಟ್ಟಿಗೆ. ಅಕ್ಕ ಯಾವಾಗಿನಂತೆ ಸೊಂಟದ ಗೊಂಚಲಿನಿಂದ ಕಾರಿನ ಚಾವಿಯೊಂದನ್ನೇ ಬಿಚ್ಚಿ ಅವರ ಕೈಗೆ ಕೊಟ್ಟಳು.

ಈ ಗೊಂಚಲಿನ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಆಗ ಅದನ್ನು ನೋಡಿಯೂ ನೋಡಲಿಲ್ಲ. ಬೆಳ್ಳಿಯ ಕೊಂಡಿ, ಅದರಲ್ಲಿ ಮುಂಬಾಗಿಲು, ಹಿತ್ತಿಲ ಬಾಗಿಲು, ತಿಜೋರಿ, ಉಗ್ರಾಣ, ಹೊಲದ ಪಂಪಿನ ಮನೆ, ಶಾಲೆಯ ಎರಡು ಕಪಾಟು, ಎಲ್ಲದರ ಚಾವಿ. ಹಳೆಯ ಕೀಲಿಗಳ ಹಿತ್ತಾಳೆ ಚಾವಿಗಳು, ಒಂದೊಂದು ಬೆರಳುದ್ದ. ಅಕ್ಕನ ಅತ್ತೆಯವರು ಮನೆಯ ಕಾರಭಾರ ಒಪ್ಪಿಸಿದ ದಿನ ಅದನ್ನು ಇವಳ ಸೊಂಟಕ್ಕೆ ಸಿಗಿಸಿದ್ದರು. ಅದನ್ನು ಎಲ್ಲೂ ಬಿಟ್ಟು ಹೋಗುವಂತಿಲ್ಲ, ಪರರ ಕೈಗೆ ಕೊಡುವಂತಿಲ್ಲ. ಆ ಮನೆಯಲ್ಲಿ ಗಂಡಸರೂ ಅದನ್ನು ಮುಟ್ಟುವುದಿಲ್ಲ. ಕಾರು ಬಂದಾಗ ಅದರ ಚಾವಿಯೂ ಸಹಜವಾಗಿ ಅಲ್ಲಿಗೇ ಸೇರಿತು. ಬೆಳಿಗ್ಗೆ ಮನೆಗೆ ಕೀಲಿ ಹಾಕಿ, ಗೊಂಚಲು ಸಮೇತ ಚಾವಿಯನ್ನು ಗಾಡಿಗೆ ತೂರಿಸಿ ಅಕ್ಕ ಹೊರಡುತ್ತಿದ್ದಳು. ಮಾಮಾನದು ಬೇರೆ ಚಾವಿ, ಅಂಗಡಿಯ ಮೊಳೆಯಲ್ಲಿ ಒಂದು ದಾರಕ್ಕೆ ಕಟ್ಟಿದ್ದು.

ಚಾಚಾ ಚಾವಿ ತೆಗೆದುಕೊಳ್ಳಲಿಲ್ಲ.

"ಗಾಡಿ ಯಾರು ನಡಸ್ತೀರಿ?"

"ನಾನು," ಎಂದಳು ಅಕ್ಕ.

"ಹಂಗಾದ್ರ ನೀವ ಚಾಲೂ ಮಾಡಿ ತೋರಸ್ರಿ ಅಕ್ಕಾರ. ರೋಗಿ ಮನಿಯವ್ರನ್ನ ಕೇಳಬೇಕು, ಜೋಡಿ ಬಂದವ್ರನ್ನಲ್ಲ."

ಅಷ್ಟು ದಿನದಲ್ಲಿ ಅಕ್ಕನ ಕೈಯಿಂದ ಗಾಡಿ ಚಾಲೂ ಮಾಡಿಸಿ ನೋಡಿದ ಮೊದಲ ಮನುಷ್ಯ ಅವರು. ಅಕ್ಕ ಕೂತು ಬಿಡಿ ಚಾವಿ ತಿರುಗಿಸಿದಳು. ಚಾಲೂ ಆಯಿತು. ಏಳು ಸಲ ಮಾಡಿಸಿದರು, ಏಳು ಸಲವೂ ಆಯಿತು. ಚಾಚಾ ರಿಲೇ ಎಂಬ ಸಣ್ಣ ಸ್ವಿಚ್ಚಿನ ಡಬ್ಬಿಯೊಂದನ್ನು ಕಿತ್ತು ನೋಡಿ ಮತ್ತೆ ಅಲ್ಲೇ ಇಟ್ಟರು. ಆಮೇಲೆ ಯಾವ ಮೆಕ್ಯಾನಿಕ್ಕನ ಬಾಯಲ್ಲೂ ನಾನು ಕೇಳದ ಮಾತು ಹೇಳಿದರು.

"ನನಗ ಸಿಗವಲ್ತು. ನಿಂತಾಗ ಹೆಂಗಿತ್ತೋ ಹಂಗ, ಒಂದೂ ಬದಲ್ ಮಾಡಲಾರದ ನನ್ನ ಮುಂದ ತರ್ರಿ. ಈಗ ಸುಮ್ಮನ ಒಂದು ಪಾರ್ಟ್ ಹಾಕಿ ಕಳಸೂದು ಹರಾಮ್."

ದಾರಿಯಲ್ಲಿ ನಾನು, ಗೊತ್ತಿಲ್ಲ ಎನ್ನಲು ಇಷ್ಟು ದೂರ ಬರಬೇಕಿತ್ತೇ ಎಂದು ಗೊಣಗಿದೆ. ಗೊತ್ತಿಲ್ಲ ಎನ್ನುವುದೇ ವಿಜ್ಞಾನದ ಮೊದಲ ಮಾತು ಎಂದು ಪ್ರತಿ ಜೂನಿನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಹೇಳುವ ಮನುಷ್ಯ ನಾನು.

ದೀಪಾವಳಿಗೆ ಒಂದು ವಾರ ಮೊದಲು ಹಿರೇಕೆರೂರಿನಲ್ಲಿ ಮಾಮಾನ ತಂಗಿಯ ಮಗಳ ಕುಬಸ ಇತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಊರೆಲ್ಲ ಉಣ್ಣುವ ಕಾರ್ಯಕ್ರಮ. (ಬಸ್ಸಿನಲ್ಲಿ ನಾನು ಸೃಷ್ಟಿಸಿದ ಮುದುಕಿಯ ಹಸಿರು ಸೀರೆ ಇಲ್ಲಿಂದ ಕದ್ದದ್ದಿರಬೇಕು.) ಅಕ್ಕನೇ ಗಾಡಿ ನಡೆಸಿಕೊಂಡು ಬಂದಿದ್ದಳು, ಪಕ್ಕದಲ್ಲಿ ಮಾಮಾ, ಹಿಂದೆ ನಾನು. ಊಟ ಮುಗಿಸಿ, ಉಡಿ ತುಂಬಿಸಿಕೊಂಡು, ಅಕ್ಕ ಗಾಡಿಯಲ್ಲಿ ಕೂತು ಚಾವಿ ತಿರುಗಿಸಿದಳು. ದೀಪ ಹತ್ತಿದವು. ಸೆಲ್ಫ್ ಸುಮ್ಮನಿತ್ತು.

ಬೀಗರೆಲ್ಲ ಅಂಗಳದಲ್ಲೇ ಇದ್ದರು. ಹತ್ತಿಮತ್ತೂರಿನ ತಮ್ಮನೂ ಇದ್ದ. ಅವನು ಆಗಲೇ ತನ್ನದಾದಂತೆ ಗಾಡಿಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ.

"ಮತ್ತ ಮುನಿಸ್ಕೊಂತೇನು?" ಎಂದರು ಯಾರೋ.

"ಅದಕ ಗೊತ್ತಾಗತೈತಿ ಯಾರ ಕೈ ಅಂತ," ಎಂದರು ಮಾಮಾ, ಎಲ್ಲರಿಗೂ ಕೇಳುವಂತೆ. "ಇಳಿ ಇಳಿ. ಬರ್ರೆಪಾ ನಾಲ್ಕು ಮಂದಿ, ನೂಕ್ರಿ. ನಾ ಕೂಡ್ತೇನಿ."

ಅಕ್ಕ ಇಳಿದಳು. ಗೊಂಚಲನ್ನು ಕಾರಿನ ಚಾವಿಯಿಂದ ಬಿಡಿಸಿ ಸೊಂಟಕ್ಕೆ ಸಿಗಿಸಿಕೊಂಡಳು, ಚಾವಿಯನ್ನು ಗಂಡನಿಗೆ ಕೊಟ್ಟಳು. ಮಾಮಾ ಕೂತು ಚಾವಿ ಹಾಕಿ ತಿರುಗಿಸಿದರು. ಹಿಂದೆ ಕೈಯಿಟ್ಟಿದ್ದವರು ನೂಕುವ ಮೊದಲೇ ಗಾಡಿ ಚಾಲೂ ಆಯಿತು.

ಅಂಗಳ ತುಂಬ ನಗೆ. "ನೋಡ್ರೆಪಾ, ಗಂಡಸಿನ ಕೈ ಅಂದ್ರ!" ಎಂದು ಹತ್ತಿಮತ್ತೂರಿನ ತಮ್ಮ ಬಾನೆಟ್ ತಟ್ಟಿದ. ನೂಕಲು ಬಂದಿದ್ದ ಒಬ್ಬ, "ಅಣ್ಣಾರ, ನಿಮ್ಮ ಹೆಸರು ಕೇಳೇ ಅಂಜಿತು ನೋಡ್ರಿ," ಎಂದ. ಗಂಡಸರ ಗುಂಪು ಒಂದು ಎಂಜಿನ್ನಿನ ಸದ್ದಿಗೆ ಅಷ್ಟು ಉಬ್ಬಿದ್ದನ್ನು ನಾನು ಮತ್ತೆ ಕಂಡಿಲ್ಲ. ಒಬ್ಬೊಬ್ಬರೂ ಆ ಗಾಡಿಯನ್ನು ತಾವೇ ಹಡೆದವರಂತೆ ನಿಂತಿದ್ದರು.

ಮುಂದಿನ ಒಂದು ನಿಮಿಷವೇ ನನಗೆ ಖಾತ್ರಿಯಿಲ್ಲದ್ದು. "ಗೊಂಚಲಾ! ಗೊಂಚಲದ ಭಾರ!" ಎಂದು ನಾನು ಕೂಗಿದೆ ಎಂದು ನೆನಪು. ನನ್ನ ದನಿಯೇ ಕಿವಿಯಲ್ಲಿದೆ. ಆದರೆ ಅಕ್ಕ ಆಗಲೇ ಕಿಟಕಿಯ ಹತ್ತಿರ ಹೋಗಿ ನಿಂತಿದ್ದಳು ಎಂಬುದೂ ನೆನಪಿದೆ. ನಾನು ಕೂಗಿದ ಮೇಲೆ ಹೋದಳೋ, ಹೋದದ್ದನ್ನು ಕಂಡು ನಾನು ಕೂಗಿದೆನೋ. ಅಲ್ಲಿಂದ ಮುಂದಿನದು ಮಾತ್ರ ಎಲ್ಲರೂ ಒಪ್ಪುವಂಥದ್ದು.

"ಬಂದ್ ಮಾಡ್ರಿ," ಎಂದಳು ಗಂಡನಿಗೆ.

"ಯಾಕ? ಚಾಲೂ ಆಗೇತಲ್ಲ."

"ಬಂದ್ ಮಾಡ್ರಿ ಅಂತೇನಿ."

ಅವರು ಬಂದ್ ಮಾಡಿದರು. ಅಕ್ಕ ಸೊಂಟದ ಗೊಂಚಲು ಬಿಚ್ಚಿ, ಕಿಟಕಿಯಿಂದ ಕೈ ಹಾಕಿ, ಚಾವಿಗೆ ಸಿಗಿಸಿದಳು. "ಈಗ ಹೊಡೀರಿ."

ಮಾಮಾ ತಿರುಗಿಸಿದರು. ದೀಪ ಹತ್ತಿದವು. ಸೆಲ್ಫ್ ಸುಮ್ಮನಿತ್ತು. ಇನ್ನೊಮ್ಮೆ. ಸುಮ್ಮನಿತ್ತು. ಗೊಂಚಲು ಚಾವಿಯ ಕೆಳಗೆ ಜೋತಾಡುತ್ತಿತ್ತು. ಅಕ್ಕ ಅದನ್ನು ಅಂಗೈಯಲ್ಲಿ ಮೇಲೆತ್ತಿ ಹಿಡಿದು, "ಈಗ," ಎಂದಳು. ಚಾಲೂ ಆಯಿತು. ಕೈ ಬಿಟ್ಟಳು, ಬಂದ್ ಮಾಡಿಸಿ ಮತ್ತೆ ತಿರುಗಿಸಲು ಹೇಳಿದಳು. ಸುಮ್ಮನಿತ್ತು. ಬೀಗರ ಎದುರಿಗೆ, ಶಾಲೆಯಲ್ಲಿ ದಡ್ಡ ಹುಡುಗರಿಗೆ ಕಾಗುಣಿತ ಹೇಳಿಕೊಡುವ ತಾಳ್ಮೆಯಲ್ಲಿ, ನಾಲ್ಕು ಸಲ ಮಾಡಿಸಿದಳು.

"ಗಂಡಸಿನ ಕೈಯಾಗೂ ನಿಂತತಲ್ರಿ," ಎಂದಳು ಕೊನೆಗೆ.

ಒಳಗಿನಿಂದ ಒಬ್ಬ ಹೆಣ್ಣುಮಗಳು ಕಿಸಕ್ಕೆಂದದ್ದು ಮಾತ್ರ ಕೇಳಿಸಿತು. ಹತ್ತಿಮತ್ತೂರಿನ ತಮ್ಮ ಬಾನೆಟ್ಟಿನಿಂದ ಕೈ ತೆಗೆದ.

ಮರುದಿನ ಗೊಂಚಲು ಸಮೇತ, ಒಂದೂ ಬದಲಿಸದೆ, ಸವಣೂರಿಗೆ ಹೋದೆವು. ಚಾಚಾ ಹತ್ತು ನಿಮಿಷದಲ್ಲಿ ಚಾವಿಯ ಹಿಂದಿನ ಸ್ವಿಚ್ಚು ಬಿಚ್ಚಿ ಬೆಂಚಿನ ಮೇಲೆ ಇಟ್ಟರು. ಒಳಗಿನ ಹಿತ್ತಾಳೆಯ ತುಂಡು ಒಂದೇ ಬದಿಗೆ ಸವೆದು ತೆಳ್ಳಗಾಗಿತ್ತು. ಗೊಂಚಲಿನ ಭಾರ ಸವೆದ ಬದಿಗೆ ಜಗ್ಗಿದರೆ ಆ ತುಂಡು ವಾಲಿ, ಸೆಲ್ಫಿಗೆ ಹೋಗುವ ತಂತಿಯನ್ನು ಮುಟ್ಟುತ್ತಿರಲಿಲ್ಲ. ಭಾರ ಇಲ್ಲದಿದ್ದರೆ, ಇಲ್ಲವೇ ಇನ್ನೊಂದು ಬದಿಗೆ ಬಿದ್ದರೆ, ಮುಟ್ಟುತ್ತಿತ್ತು. ತಗ್ಗಿನಲ್ಲಿ ಕುಣಿದ ಗೊಂಚಲೇ ಅದನ್ನು ಎರಡು ವರ್ಷ ಉಜ್ಜಿ ಸವೆಸಿದ್ದು.

"ಗಾಡಿ ಚಾವಿ ಒಂಟಿ ಇರ್ಲಿ ಅಕ್ಕಾರ," ಎಂದರು ಚಾಚಾ. "ಸಂಸಾರ ಸೊಂಟದಾಗ ಇರ್ಲಿ."

ಮೆಕ್ಯಾನಿಕ್ಕರು ಆ ಗೊಂಚಲನ್ನು ನೋಡುವಂತೆಯೇ ಇರಲಿಲ್ಲ, ಏಕೆಂದರೆ ಅವರ ಕೈಗೆ ಹೋಗುತ್ತಿದ್ದದ್ದು ಬಿಡಿ ಚಾವಿ. ಮಾಮಾನಿಗೆ ಅದು ಹೆಂಗಸರ ವಸ್ತು. ಅಕ್ಕನ ಗಾಡಿಯಲ್ಲಿ ಕೂತಾಗಲೆಲ್ಲ ಅದು ಜೋತಾಡುವುದನ್ನು ನೋಡಬಹುದಾಗಿದ್ದವನು ನಾನೊಬ್ಬ. ನನ್ನ ನೋಟುಬುಕ್ಕಿನಲ್ಲಿ ಮಳೆಗೆ ಒಂದು ಗೀಟು ಇತ್ತು, ಪೆಟ್ರೋಲಿಗೆ ಒಂದು ಗೀಟು ಇತ್ತು, ಅದಕ್ಕೆ ಇರಲಿಲ್ಲ.

ಗಾಡಿ ಹತ್ತಿಮತ್ತೂರಿಗೆ ಹೋಗಲಿಲ್ಲ. ದೀಪಾವಳಿ ಪಾಡ್ಯದ ದಿನ ಮಾಮಾ ಹೋಳಿಗೆ ಮುರಿಯುತ್ತ, "ಅಷ್ಟ ಸಣ್ಣ ವಿಷಯ. ಮೊದಲ ಹೇಳಿದ್ರ ಮುಗೀತಿತ್ತು," ಎಂದರು. ಸೋಲು ಒಪ್ಪಿಕೊಳ್ಳುವಾಗಲೂ ಬೇರೆಯವರ ತಪ್ಪು ಹುಡುಕುವ ಆ ಕಲೆ ನಮ್ಮ ಕಡೆಯ ಗಂಡಸರಿಗೆ ಹುಟ್ಟಿನಿಂದಲೇ ಸಿದ್ಧಿಸಿರುತ್ತದೆ.

"ನಾ ಹೇಳಿದ್ದೆ," ಎಂದಳು ಅಕ್ಕ. ಹೇಳುವಾಗ ನೋಡಿದ್ದು ಗಂಡನನ್ನಲ್ಲ, ನನ್ನನ್ನು.

ನಾನು ಅದನ್ನು ನಂಬಲಿಲ್ಲ. ಜನ ಆಮೇಲೆ ಎಲ್ಲವನ್ನೂ ಮೊದಲೇ ಹೇಳಿದ್ದೆ ಎನ್ನುತ್ತಾರೆ, ನೆನಪಿನ ಕೆಲಸವೇ ಅದು. ಸ್ಟಾಫ್ ರೂಮಿನಲ್ಲಿ ನನ್ನ ಕತೆ ಹೇಳಿಕೊಂಡು ಒಂದು ವರ್ಷ ಕಳೆದೆ. ಮೊನ್ನೆ ಫೋನು ಬದಲಿಸುವಾಗ ಹಳೆಯ ಮೆಸೇಜುಗಳನ್ನು ಅಳಿಸುತ್ತ ಕೂತಿದ್ದೆ. ಅಕ್ಕ ಸವಣೂರಿಗೆ ಹೋಗುವುದಕ್ಕೂ ಮೊದಲು, ನಾನು ಗಾಡಿಯ ಕೆಳಗೆ ಮಲಗಿ ತಂತಿ ಉಜ್ಜಿದ ಶನಿವಾರಕ್ಕೂ ಮೊದಲು ಕಳಿಸಿದ ಒಂದು ದನಿ ಸಂದೇಶ ಅಲ್ಲಿದೆ. ಎರಡು ಸಲ ಕೇಳಿದೆ. "ತಮ್ಮಾ, ಗೊಂಚಲಾ ಬಿಚ್ಚಿ ಚಾವಿ ಒಂದ ಹಾಕಿದ್ರ ಗಾಡಿ ಚಾಲೂ ಆಗಾಕತ್ತೈತಿ. ಮೂರು ಸಲ ನೋಡೇನಿ. ನಿನ್ನ ಬುಕ್ಕಿನ್ಯಾಗ ಇದನ್ನ ಎಲ್ಲಿ ಬರೀಲಿ?" ಅದರ ಕೆಳಗೆ, ಏಳು ನಿಮಿಷದ ನಂತರ, ನನ್ನ ಉತ್ತರವಿದೆ. ಒಂದೇ ಪದ: "ಕಾಕತಾಳೀಯ."